ಶೇಕಡಾ ಎಂದರೆ ಯಾವುದರ ಶೇಕಡಾ? – ಮೈಲುತುತ್ತು ಮತ್ತು ಸುಣ್ಣದ ಪರೀಕ್ಷಾ ವರದಿಯನ್ನು ಓದುವ ಕ್ರಮ



ಮೃಗಶಿರಾ ಮಳೆ ಹಿಡಿಯುವುದರೊಳಗೆ ಅಡಿಕೆಗೆ ಮೊದಲ ಸುತ್ತಿನ ಔಷಧಿ ಮುಗಿಯಬೇಕು ಎಂಬ ಧಾವಂತ ನಮ್ಮ ಬಾಳೂರು ಸೀಮೆಯ ಪ್ರತಿಯೊಬ್ಬ ಬೆಳೆಗಾರನಿಗೂ ಇರುವಂಥದೇ. ಆ ದಿನಗಳಲ್ಲಿ ಸಂಘದ ಗೋದಾಮಿನ ಮುಂದೆ ಜೀಪು, ಟಿಲ್ಲರುಗಳು ಸಾಲು ನಿಂತಿರುತ್ತವೆ. ಸದಸ್ಯರು ಕೇಳುವ ಪ್ರಶ್ನೆ ಒಂದೇ: “ಮೈಲುತುತ್ತು ಚೆನ್ನಾಗಿದೆಯೇ?” ಅದಕ್ಕೆ ನಾನು ಬಹಳ ಕಾಲ ಕೊಡುತ್ತಿದ್ದ ಉತ್ತರವೂ ಒಂದೇ: “ಪರೀಕ್ಷಾ ವರದಿ ಇದೆ, ಶೇಕಡಾ 98ರ ಮೇಲಿದೆ.” ಈ ಉತ್ತರ ಎಷ್ಟು ಅರೆಬರೆಯದು ಎಂಬುದು ನನಗೆ ಗೊತ್ತಾದದ್ದು ನಷ್ಟವಾದ ಮೇಲೆ. ಹಾಗೆ ಕಲಿತ ಪಾಠವನ್ನು ಸದಸ್ಯರೆಲ್ಲರ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಡೆದ ಸಂಗತಿ

ಕೆಲವು ವರ್ಷಗಳ ಹಿಂದಿನ ಮಾತು. ಹೊರಗಿನ ಒಬ್ಬ ವ್ಯಾಪಾರಿಯಿಂದ ಸಂಘಕ್ಕೆ ಮೈಲುತುತ್ತು ತರಿಸಿದೆವು. ಮಾಲಿನೊಂದಿಗೆ ಒಂದು ಪ್ರಯೋಗಾಲಯದ ವರದಿಯೂ ಬಂತು. ಅದರಲ್ಲಿ “ತಾಮ್ರದ ಸಲ್ಫೇಟು – ಶೇ. 98.6” ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಬೆಲೆಯೂ ಅನುಕೂಲವಾಗಿತ್ತು. ಕಾರ್ಯದರ್ಶಿಯಾಗಿ ನಾನು ರುಜು ಹಾಕಿದೆ, ಮಾಲು ಹಂಚಿಕೆಯಾಯಿತು.

ಆ ವರ್ಷ ಪುನರ್ವಸು, ಪುಷ್ಯ ಮಳೆಗಳು ಬಿಡುವು ಕೊಡಲಿಲ್ಲ. ಎರಡನೆಯ ಸುತ್ತಿಗೆ ಮರ ಹತ್ತುವವರನ್ನು ಹತ್ತಿಸಲು ದಿನ ಸಿಗಲಿಲ್ಲ. ಕೊಳೆ ಬಂತು. ಒಬ್ಬ ಸದಸ್ಯರು ಉದುರಿದ ಕಾಯಿಗಳನ್ನು ಬುಟ್ಟಿಯಲ್ಲಿ ತುಂಬಿ ತಂದು, ಒಂದು ಮಾತನ್ನೂ ಆಡದೆ ನನ್ನ ಮೇಜಿನ ಮುಂದೆ ಇಟ್ಟು ಹೋದರು. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಗೋದಾಮಿನಲ್ಲಿ ಒಡೆಯದೆ ಉಳಿದಿದ್ದ ಎರಡು ಚೀಲಗಳಿಂದ ಮಾದರಿ ತೆಗೆದು ಬೇರೊಂದು ಪ್ರಯೋಗಾಲಯಕ್ಕೆ ಕಳುಹಿಸಿದೆವು. ತಾಮ್ರ ಶೇ. 21.9, ಕಬ್ಬಿಣ ಶೇ. 2.8 ಎಂದು ಬಂತು. ಲೆಕ್ಕ ಹಾಕಿದರೆ ನಿಜವಾದ ಮೈಲುತುತ್ತು ನೂರಕ್ಕೆ 86 ಮಾತ್ರ. ಉಳಿದ 14 ಪಾಲು ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟು. ವ್ಯಾಪಾರಿಯನ್ನು ಕೇಳಿದರೆ, “ಮಾದರಿ ತೆಗೆಯುವಾಗ ನಾವು ಇರಲಿಲ್ಲ, ಅದು ನಮ್ಮ ಮಾಲೇ ಎಂಬುದಕ್ಕೆ ಸಾಕ್ಷಿ ಏನು?” ಎಂದರು. ಮಾಲು ಬಂದ ದಿನ ಸೀಲು ಮಾಡಿದ ಮಾದರಿಯನ್ನು ನಾವು ತೆಗೆದಿಟ್ಟಿರಲಿಲ್ಲ. ಮಾತು ಅಲ್ಲಿಗೆ ನಿಂತಿತು.

ಆ ವರ್ಷದ ಕೊಳೆಗೆ ಮೈಲುತುತ್ತು ಒಂದೇ ಕಾರಣವೆಂದು ನಾನು ಹೇಳಲಾರೆ. ಮಳೆಯೂ ಕಾರಣ, ತಪ್ಪಿದ ಎರಡನೆಯ ಸುತ್ತೂ ಕಾರಣ. ಆದರೆ ಅದು ಕಾರಣವೇ ಅಲ್ಲವೆಂದು ಹೇಳುವ ಹಕ್ಕು ಆ ವರದಿಗೆ ರುಜು ಹಾಕಿದವನಿಗೆ ಇಲ್ಲ.

ಸುಳ್ಳು ಬರೆಯದೆಯೂ ಮೋಸವಾಗುವ ಬಗೆ

ವಿಚಿತ್ರವೇನೆಂದರೆ, ಆ ಮೊದಲ ವರದಿ ಸುಳ್ಳು ವರದಿಯಲ್ಲ. ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಔಷಧಿ ಪರೀಕ್ಷೆಯ ಕೆಲಸದಲ್ಲಿದ್ದಾಳೆ. ಹಬ್ಬಕ್ಕೆ ಬಂದಾಗ ಎರಡೂ ವರದಿಗಳನ್ನು ಅವಳ ಕೈಗೆ ಕೊಟ್ಟೆ. ಅವಳು ಮೊದಲನೆಯದನ್ನು ತಿರುಗಿಸಿ ನೋಡಿ, “ಮಾವ, ತೊಂಬತ್ತೆಂಟು ಅಂತ ಇದೆ, ಸರಿ. ಯಾರ ಮಾಲನ್ನು ನೋಡಿದರು? ಏನನ್ನು ಅಳೆದರು? ಯಾವುದರಲ್ಲಿ ತೊಂಬತ್ತೆಂಟು? ಈ ಮೂರೂ ಕೆಳಗೆ ಸಣ್ಣಕ್ಷರದಲ್ಲಿ ಇದೆಯಲ್ಲ!” ಎಂದಳು.

ಇತ್ತು. “ಪಕ್ಷದವರು ಒದಗಿಸಿದ ಮಾದರಿ” ಎಂದಿತ್ತು. “ಸಲ್ಫೇಟನ್ನು ಅಳೆದು, ತಾಮ್ರದ ಸಲ್ಫೇಟೆಂದು ಲೆಕ್ಕ ಹಾಕಿದ್ದು” ಎಂದಿತ್ತು. “ಒಣ ತೂಕದ ಮೇಲೆ” ಎಂದಿತ್ತು. ಸಲ್ಫೇಟು ಮೈಲುತುತ್ತಿನಲ್ಲೂ ಇದೆ, ಅನ್ನಭೇದಿಯಲ್ಲೂ ಇದೆ. ಸಲ್ಫೇಟನ್ನು ಮಾತ್ರ ಎಣಿಸಿದರೆ ಎರಡೂ ಒಂದೇ ಜಾತಿಯಾಗಿ ಕಾಣುತ್ತವೆ. 86 ಪಾಲು ಮೈಲುತುತ್ತಿಗೆ 14 ಪಾಲು ಅನ್ನಭೇದಿ ಬೆರೆಸಿ ಸಲ್ಫೇಟು ಅಳೆದರೆ, ಅನ್ನಭೇದಿಯೇ ಸುಮಾರು 12.6 ಪಾಲು ಮೈಲುತುತ್ತಿನ ವೇಷ ಹಾಕುತ್ತದೆ. ಕೂಡಿದರೆ 98.6. ಪ್ರಯೋಗಾಲಯದವರು ಅಳೆದದ್ದು ಸರಿ, ಬರೆದದ್ದು ಸರಿ. ಓದಿದವನು ತಪ್ಪಿದ. ಕಾಲೇಜಿನಲ್ಲಿ ಮೂರು ವರ್ಷ ಪಿಪೆಟ್ಟು ಹಿಡಿದ ನಾನೇ ಹೀಗೆ ತಪ್ಪಿದ ಮೇಲೆ, ಇತರ ಸದಸ್ಯರನ್ನು ದೂರುವಂತಿಲ್ಲ.

ಅವಳ ಕೆಲಸ ಪೆಪ್ಟೈಡ್ ಎಂಬ ವಸ್ತುಗಳದು. ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸಣ್ಣ ಸರಗಳೇ ಪೆಪ್ಟೈಡುಗಳು. ಸಕ್ಕರೆ ಕಾಯಿಲೆಗೆ ಚುಚ್ಚುವ ಇನ್ಸುಲಿನ್ ಆ ಜಾತಿಯದು. ಅದರಲ್ಲಿ 51 ಮಣಿಗಳು. ಹಸು ಸೊರೆ ಬಿಡಲು ಅದರ ಮೈಯಲ್ಲೇ ಹುಟ್ಟುವ ಆಕ್ಸಿಟೋಸಿನ್‌ನಲ್ಲಿ 9. ಅವರ ಪ್ರಯೋಗಾಲಯದಲ್ಲಿ ಇಂಥ ಪುಡಿಯನ್ನು ದ್ರಾವಣ ಮಾಡಿ ಯಂತ್ರದ ಸಣ್ಣ ಕೊಳವೆಯಲ್ಲಿ ಹರಿಯಬಿಡುತ್ತಾರೆ. ಒಳಗಿನ ವಸ್ತುಗಳು ಒಂದೊಂದಾಗಿ ಬೇರ್ಪಟ್ಟು ಹೊರಬರುವಾಗ, ಅತಿನೇರಳೆ ಬೆಳಕನ್ನು ಹೀರುವ ಪ್ರತಿಯೊಂದೂ ಕಾಗದದ ಮೇಲೆ ಒಂದು ಗುಡ್ಡದ ಗೆರೆ ಎಳೆಯುತ್ತದೆ. ಎಲ್ಲ ಗುಡ್ಡಗಳ ಒಟ್ಟು ವಿಸ್ತೀರ್ಣದಲ್ಲಿ ಬೇಕಾದ ಗುಡ್ಡದ ಪಾಲು ನೂರಕ್ಕೆ 98 ಇದ್ದರೆ “ಶುದ್ಧತೆ ಶೇ. 98” ಎಂದು ಬರೆಯುತ್ತಾರೆ. ಆದರೆ ನೀರು ಹಾಗೂ ಬಹುಪಾಲು ಲವಣಗಳು ಆ ಬೆಳಕಿಗೆ ಕಾಣುವುದಿಲ್ಲ, ಗುಡ್ಡ ಎಬ್ಬಿಸುವುದಿಲ್ಲ. ಹಾಗಾಗಿ “ಶೇ. 98 ಶುದ್ಧ” ಎಂಬ ಪುಡಿಯಲ್ಲಿ ತೂಕದ ಲೆಕ್ಕದಲ್ಲಿ ಪೆಪ್ಟೈಡ್ ಇರುವುದು ನೂರಕ್ಕೆ 80 ಮಾತ್ರ ಆಗಿರಬಹುದು, ಉಳಿದದ್ದು ನೀರು ಮತ್ತು ಲವಣ. ಆ 80ರಲ್ಲಿ 98 ಪಾಲು ಎಂದರೆ ಬೇಕಾದ ವಸ್ತು 78.4 ಮಾತ್ರ. ಆದ್ದರಿಂದ ಅವರು ಮೂರು ಪ್ರಶ್ನೆಗಳಿಗೆ ಮೂರು ಬೇರೆ ಪರೀಕ್ಷೆ ಮಾಡುತ್ತಾರಂತೆ. ಇದು ಅದೇ ವಸ್ತುವೇ? ಇದರೊಂದಿಗೆ ಬೇರೇನು ಸೇರಿದೆ? ನೂರು ಪಾಲು ತೂಗಿದರೆ ಬೇಕಾದ್ದು ಎಷ್ಟು ಸಿಗುತ್ತದೆ? ಒಂದಕ್ಕೆ ಸಿಕ್ಕ ಉತ್ತರವನ್ನು ಇನ್ನೊಂದಕ್ಕೆ ಉತ್ತರವೆಂದು ಎಣಿಸುವಂತಿಲ್ಲ.

ಈ ಮೂರು ಪ್ರಶ್ನೆಗಳು ನಮ್ಮ ಮೈಲುತುತ್ತಿಗೂ ಅಷ್ಟೇ ಸಲ್ಲುತ್ತವೆ. ಒಂದೊಂದಾಗಿ ನೋಡೋಣ.

ಮೊದಲು: ನಮಗೆ ಬೇಕಾದ್ದು ಏನು?

ತಾಮ್ರ ಮತ್ತು ಸುಣ್ಣದ ಈ ಮಿಶ್ರಣವನ್ನು ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ರೋಗಕ್ಕೆ ಔಷಧಿಯೆಂದು 1885ರಲ್ಲಿ ಪ್ರಕಟಿಸಿದವರು ಮಿಲಾರ್ಡೆ ಎಂಬ ವಿಜ್ಞಾನಿ. ನಮ್ಮ ಅಡಿಕೆಯ ಕೊಳೆಗೆ ಅದನ್ನು ಬಳಕೆಗೆ ತಂದವರು 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಡಾ. ಲೆಸ್ಲಿ ಕೋಲ್ಮನ್. ಕೊಳೆರೋಗದ ಮೇಲಿನ ಅವರ ಪುಸ್ತಿಕೆ 1910ರಲ್ಲಿ ಹೊರಬಂತು. ಬಾಳೆಹೊನ್ನೂರಿನ ಕಾಫಿ ಪ್ರಯೋಗ ಕೇಂದ್ರ 1925ರಲ್ಲಿ ಆರಂಭವಾದದ್ದೂ ಅವರ ಕಾಲದಲ್ಲೇ. ಅಡಿಕೆಗೆ ಶೇ. 1ರ ಮಿಶ್ರಣ, ಅಂದರೆ 100 ಲೀಟರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಕಾಫಿಯ ಎಲೆ ತುಕ್ಕಿಗೆ ಶೇ. ½ರ ಮಿಶ್ರಣ, ಅಂದರೆ ಅಷ್ಟೇ ಸಾಮಾನಿಗೆ 200 ಲೀಟರು ನೀರು. ಇದು ಎಲ್ಲರಿಗೂ ತಿಳಿದದ್ದೇ.

ಈ ಮಿಶ್ರಣದಲ್ಲಿ ರೋಗದ ಬೀಜಾಣುಗಳನ್ನು ಕೊಲ್ಲುವುದು ತಾಮ್ರ. ಬಣ್ಣವಲ್ಲ, ಸಲ್ಫೇಟಲ್ಲ. ಆದ್ದರಿಂದ ವರದಿಯಲ್ಲಿ ಹುಡುಕಬೇಕಾದ ಮೊದಲ ಅಂಕಿ “ತಾಮ್ರ, ಶೇಕಡಾ ಎಷ್ಟು” ಎಂಬುದು. ಅದು ಇಲ್ಲದ ವರದಿ ನಮ್ಮ ಕೆಲಸಕ್ಕೆ ಬಾರದು.

ತಾಮ್ರದ ಅಂಕಿಯಿಂದ ಶುದ್ಧತೆಯನ್ನು ಕಂಡುಹಿಡಿಯುವುದು

ಅಪ್ಪಟ ಮೈಲುತುತ್ತಿನ ಹರಳಿನಲ್ಲಿ ತಾಮ್ರ ನೂರಕ್ಕೆ 25.45 ಪಾಲು ಮಾತ್ರ. ಹರಳಿನೊಳಗೆ ಕಟ್ಟಿಕೊಂಡಿರುವ ನೀರು 36 ಪಾಲು. ಉಳಿದದ್ದು ಸಲ್ಫೇಟು. ಆದ್ದರಿಂದ “ತಾಮ್ರ ಶೇ. 25” ಎಂದು ಕಂಡು ಗಾಬರಿಯಾಗಬೇಕಿಲ್ಲ, ಅದು ಒಳ್ಳೆಯ ಮಾಲು. ಲೆಕ್ಕ ಸುಲಭ:

ತಾಮ್ರದ ಶೇಕಡಾ × 3.93 = ಮೈಲುತುತ್ತಿನ ಶೇಕಡಾ.

ತಾಮ್ರ 25 ಇದ್ದರೆ ಮೈಲುತುತ್ತು 98.3.
ತಾಮ್ರ 24 ಇದ್ದರೆ ಮೈಲುತುತ್ತು 94.3.
ತಾಮ್ರ 21.9 ಇದ್ದರೆ ಮೈಲುತುತ್ತು 86.
ತಾಮ್ರ 20 ಇದ್ದರೆ ಮೈಲುತುತ್ತು 78.6.

1985ರ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಗೊಬ್ಬರವಾಗಿ ಮಾರುವ ತಾಮ್ರದ ಸಲ್ಫೇಟಿಗೆ ತಾಮ್ರ ಕನಿಷ್ಠ ಶೇ. 24, ನೀರಿನಲ್ಲಿ ಕರಗದ ವಸ್ತು ಹೆಚ್ಚೆಂದರೆ ಶೇ. 1, ಕಬ್ಬಿಣ ಮತ್ತು ಅಲ್ಯುಮಿನಿಯಂ ಸೇರಿ (ಕಬ್ಬಿಣವೆಂದು ಎಣಿಸಿ) ಹೆಚ್ಚೆಂದರೆ ಶೇ. 0.5 ಎಂದು ಗೊತ್ತುಮಾಡಿದ್ದಾರೆ. ನಾವೂ ಈ ಅಂಕಿಗಳನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬಹುದು.

ಕಬ್ಬಿಣದ ಸಣ್ಣ ಅಂಕಿಯನ್ನು ಕಡೆಗಣಿಸಬಾರದು

“ಕಬ್ಬಿಣ ಶೇ. 2” ಎಂದು ಕಂಡರೆ ಎರಡೇ ತಾನೇ ಎನಿಸುತ್ತದೆ. ಆದರೆ ಕಬ್ಬಿಣ ಅಲ್ಲಿ ಬರಿಯ ಕಬ್ಬಿಣವಾಗಿ ಇರುವುದಿಲ್ಲ. ಸಾಮಾನ್ಯವಾಗಿ ಅನ್ನಭೇದಿಯಾಗಿ ಇರುತ್ತದೆ. ಅನ್ನಭೇದಿಯ ಐದು ಪಾಲಿನಲ್ಲಿ ಕಬ್ಬಿಣ ಸುಮಾರು ಒಂದು ಪಾಲು. ಆದ್ದರಿಂದ ಕಬ್ಬಿಣದ ಅಂಕಿಯನ್ನು ಐದರಿಂದ ಗುಣಿಸಬೇಕು. ಕಬ್ಬಿಣ 2 ಎಂದರೆ ಅನ್ನಭೇದಿ 10. ಈ ಅನ್ನಭೇದಿ ಕೊಳೆಯನ್ನು ತಡೆಯುವುದಿಲ್ಲ. ಮೇಲಾಗಿ ನಾವು ಹಾಕಿದ ಸುಣ್ಣದಲ್ಲಿ ತನ್ನ ಪಾಲನ್ನು ತಿನ್ನುತ್ತದೆ.

ನೀರಿನ ಲೆಕ್ಕ

ನೀರಿನಲ್ಲಿ ಎರಡು ಬಗೆ. ಹರಳಿನೊಳಗೆ ಕಟ್ಟಿಕೊಂಡ ನೀರು ಒಂದು, ಹರಳಿನ ಮೇಲೆ ಹತ್ತಿದ ಹಸಿ ಇನ್ನೊಂದು. ಮೊದಲನೆಯದು ಮೈಲುತುತ್ತಿನ ಹುಟ್ಟುಗುಣ. ಎರಡನೆಯದಕ್ಕೆ ನಾವು ದುಡ್ಡು ಕೊಡಬೇಕಾಗಿಲ್ಲ.

ಸುಮಾರು 110 ಡಿಗ್ರಿ ಶಾಖದಲ್ಲಿ ಕಾಯಿಸಿದರೆ ಹರಳು ತನ್ನ ಕಟ್ಟುನೀರಿನ ಐದರಲ್ಲಿ ನಾಲ್ಕು ಪಾಲನ್ನು ಬಿಡುತ್ತದೆ. ಅದು ತೂಕದ ಶೇ. 28.9. ಆದ್ದರಿಂದ ಯಾರಾದರೂ ಹಾಗೆ ಕಾಯಿಸಿ “ತೇವಾಂಶ ಶೇ. 29” ಎಂದು ಬರೆದರೆ ಅದು ಕಲಬೆರಕೆಯ ಗುರುತಲ್ಲ. ಹಾಗೆಯೇ ಬಿಸಿಲಿನಲ್ಲೋ ಬಿಸಿ ಗೋದಾಮಿನಲ್ಲೋ ಬಿದ್ದ ಹಳೆಯ ಹರಳು ಕಟ್ಟುನೀರನ್ನು ಕಳೆದುಕೊಂಡು ಬಿಳಿಚಿಕೊಂಡಿರುತ್ತದೆ. ಅದರಲ್ಲಿ ತಾಮ್ರದ ಪಾಲು ಏರಿ, ನಮ್ಮ ಲೆಕ್ಕದಲ್ಲಿ 103, 105 ಎಂದು ಬರಬಹುದು. ನೂರಕ್ಕೆ ಮೀರಿದ ಶುದ್ಧತೆ ಎಂದರೆ ಇದೇ, ಅಲ್ಲಿ ಮೋಸವಿಲ್ಲ.

ಮೋಸಕ್ಕೆ ಎಡೆ ಇರುವುದು ಹೊರಗಿನ ಹಸಿಯಲ್ಲಿ. ವರದಿಯಲ್ಲಿ “ಡ್ರೈ ಬೇಸಿಸ್” ಎಂದಿದ್ದರೆ ಹಸಿಯನ್ನು ಕಳೆದು ಉಳಿದದ್ದರ ಮೇಲೆ ಲೆಕ್ಕ ಹಾಕಿದ್ದಾರೆಂದು ಅರ್ಥ. “ಆ್ಯಸ್ ರಿಸೀವ್ಡ್” ಎಂದಿದ್ದರೆ ಮಾದರಿ ಬಂದ ಸ್ಥಿತಿಯಲ್ಲೇ ಲೆಕ್ಕ ಹಾಕಿದ್ದು. ನೂರು ಕಿಲೋ ಮಾಲಿನಲ್ಲಿ 4 ಕಿಲೋ ಹಸಿ ಇದ್ದು, ಒಣ ತೂಕದ ಮೇಲೆ 98.5 ಎಂದು ಬರೆದಿದ್ದರೆ, ನಮ್ಮ ಚೀಲದಲ್ಲಿ ನಿಜವಾಗಿ ಇರುವುದು 98.5 × 96 ÷ 100 = 94.6. ನಾವು ದುಡ್ಡು ತೆರುವುದು ಚೀಲದ ತೂಕಕ್ಕೆ, ಒಣ ತೂಕಕ್ಕಲ್ಲ. ಆದ್ದರಿಂದ “ಬಂದ ಸ್ಥಿತಿಯಲ್ಲಿ ಎಷ್ಟು?” ಎಂದು ಕೇಳತಕ್ಕದ್ದು.

ಅಳೆದ ವಿಧಾನ ಯಾವುದು?

ತಾಮ್ರವನ್ನು ಅಳೆಯುವ ಹಳೆಯ, ನಂಬಿಕೆಯ ವಿಧಾನವೊಂದಿದೆ. ಮೈಲುತುತ್ತಿನ ದ್ರಾವಣಕ್ಕೆ ಪೊಟ್ಯಾಸಿಯಂ ಅಯೊಡೈಡ್ ಸೇರಿಸಿದಾಗ ತಾಮ್ರವು ಅಯೊಡಿನ್ನನ್ನು ಬಿಡುಗಡೆ ಮಾಡುತ್ತದೆ. ಎಷ್ಟು ತಾಮ್ರವೋ ಅಷ್ಟು ಅಯೊಡಿನ್. ಅದನ್ನು ಹೈಪೋ ದ್ರಾವಣದಿಂದ ಹನಿಹನಿಯಾಗಿ ಅಳೆಯುತ್ತಾರೆ. ಗಂಜಿ ಹಾಕಿದಾಗ ಬಂದ ನೀಲಿ ಬಣ್ಣ ಮಾಯವಾದಾಗ ಅಳತೆ ಮುಗಿಯಿತು. ಇಲ್ಲಿಯೂ ಒಂದು ಎಚ್ಚರಿಕೆ ಇದೆ. ತುಕ್ಕಿನ ರೂಪಕ್ಕೆ ತಿರುಗಿದ ಕಬ್ಬಿಣವೂ ಅಯೊಡಿನ್ನನ್ನು ಬಿಡಿಸುತ್ತದೆ. ಅದಕ್ಕಾಗಿ ಫ್ಲೋರೈಡ್ ಸೇರಿಸಿ ಕಬ್ಬಿಣದ ಬಾಯಿ ಕಟ್ಟಿ ನಂತರ ಅಳೆಯುತ್ತಾರೆ. ಒಳ್ಳೆಯ ಪ್ರಯೋಗಾಲಯದವರು ಇದನ್ನು ಮಾಡಿಯೇ ಮಾಡುತ್ತಾರೆ. ಕೇಳಿದರೆ ಸಂತೋಷದಿಂದ ಹೇಳುತ್ತಾರೆ.

ಬೆಳೆಗಾರರು ಈ ವಿಧಾನಗಳನ್ನೆಲ್ಲ ಕಲಿಯಬೇಕೆಂದು ನಾನು ಹೇಳುವುದಿಲ್ಲ. ವರದಿಯಲ್ಲಿ ವಿಧಾನದ ಹೆಸರು ಇದೆಯೇ, ಅದು ತಾಮ್ರವನ್ನೇ ಅಳೆಯುವ ವಿಧಾನವೇ ಎಂದು ಕೇಳಿದರೆ ಸಾಕು. ವಿಶೇಷವಾಗಿ “ಬೈ ಡಿಫರೆನ್ಸ್” ಎಂಬ ಮಾತು ಕಂಡರೆ ಅಲ್ಲೇ ನಿಲ್ಲಬೇಕು. ಅದರರ್ಥ, ಮೈಲುತುತ್ತನ್ನು ಅಳೆಯಲೇ ಇಲ್ಲ. ಕಲ್ಮಶಗಳನ್ನು ಅಳೆದು ನೂರರಲ್ಲಿ ಕಳೆದರು. ಹುಡುಕದೆ ಬಿಟ್ಟ ಕಲ್ಮಶವೆಲ್ಲ ಆಗ ಮೈಲುತುತ್ತಿನ ಖಾತೆಗೆ ಜಮಾ ಆಗುತ್ತದೆ. ಜಮಾ-ಖರ್ಚಿನಲ್ಲಿ ಲೆಕ್ಕ ಸಿಗದ ಹಣವನ್ನೆಲ್ಲ ಲಾಭವೆಂದು ಬರೆದ ಹಾಗೆ.

ದಶಾಂಶಗಳಿಗೂ ಮಾರುಹೋಗಬೇಡಿ. ಒಂದು ವರದಿ 97.8, ಇನ್ನೊಂದು 98.2 ಎಂದರೆ ಎರಡನೆಯದು ಉತ್ತಮ ಮಾಲು ಎಂದೇನಲ್ಲ. ಒಂದೇ ಚೀಲದ ಮಾಲನ್ನು ಎರಡು ಸಲ ಅಳೆದರೂ ಅಷ್ಟು ಅಂತರ ಬರಬಹುದು. 98 ಮತ್ತು 94ರ ಅಂತರ ನಿಜವಾದ ಅಂತರ.

ಸುಣ್ಣದ ವರದಿ

ಮೈಲುತುತ್ತಿನ ಬಗ್ಗೆ ವಿಚಾರಿಸುವ ನಾವು ಸುಣ್ಣವನ್ನು ಯಾರೂ ವಿಚಾರಿಸುವುದಿಲ್ಲ. 1 ಕಿಲೋ ಮೈಲುತುತ್ತನ್ನು ಪೂರ್ತಿ ಸರಿಪಡಿಸಲು ಅಪ್ಪಟ ಅರಳಿದ ಸುಣ್ಣ ಸುಮಾರು 300 ಗ್ರಾಂ ಸಾಕು. ನಾವು 1 ಕಿಲೋ ಹಾಕುವುದರಿಂದ ಸುಣ್ಣ ಸ್ವಲ್ಪ ಕಳಪೆಯಾದರೂ ನಡೆಯುತ್ತದೆ. ಆದರೆ ಮಳೆಗಾಲದ ಗಾಳಿಗೆ ಬಾಯಿ ತೆರೆದಿಟ್ಟ ಸುಣ್ಣ ಗಾಳಿಯ ಇಂಗಾಲಾಮ್ಲವನ್ನು ಹೀರಿ ಮತ್ತೆ ಸುಣ್ಣಕಲ್ಲಿನ ಪುಡಿಯೇ ಆಗುತ್ತದೆ. ಆ ಪುಡಿ ತಾಮ್ರದೊಡನೆ ನಿಧಾನವಾಗಿ, ಅರೆಬರೆಯಾಗಿ ಮಾತ್ರ ಕೂಡುತ್ತದೆ. ಕೂಡದೆ ಉಳಿದ ತಾಮ್ರ ಎಲೆಯನ್ನೂ ಎಳೆಗಾಯಿಯನ್ನೂ ಸುಡುತ್ತದೆ.

ವರದಿಯಲ್ಲಿ “ಒಟ್ಟು ಕ್ಯಾಲ್ಸಿಯಂ ಆಕ್ಸೈಡ್ ಶೇ. 58” ಎಂದು ಕಂಡರೆ ಪರವಾಗಿಲ್ಲ ಎನಿಸುತ್ತದೆ. ಆದರೆ ಪೂರ್ತಿ ಸತ್ತ ಸುಣ್ಣಕಲ್ಲಿನ ಪುಡಿಯನ್ನು ಹೀಗೆ ಎಣಿಸಿದರೂ 56 ಬರುತ್ತದೆ. ಅಪ್ಪಟ ಅರಳಿದ ಸುಣ್ಣಕ್ಕೆ 75.7. ಹಾಗಾಗಿ 58 ಎಂಬ ಅರಳಿದ ಸುಣ್ಣದಲ್ಲಿ ಜೀವವಿರುವ ಭಾಗ ನೂರಕ್ಕೆ 10ರಷ್ಟೇ ಇರಬಹುದು. ಕಿಲೋ ಹಾಕಿದರೂ ಕೆಲಸಕ್ಕೆ ಬರುವುದು 100 ಗ್ರಾಂ; ಬೇಕಾದ್ದು 300. ಆಮ್ಲ ಹಾಕಿ ಅಳೆಯುವ ವಿಧಾನವೂ ಸತ್ತ ಸುಣ್ಣವನ್ನು ಜೀವಂತ ಸುಣ್ಣದ ಜೊತೆಗೇ ಎಣಿಸುತ್ತದೆ. ಸಕ್ಕರೆ ನೀರಿನಲ್ಲಿ ಕಲಕಿ ಅಳೆಯುವ ವಿಧಾನದಲ್ಲಿ ಜೀವಂತ ಸುಣ್ಣ ಮಾತ್ರ ಕರಗುವುದರಿಂದ ಲೆಕ್ಕ ಸರಿಯಾಗಿ ಸಿಗುತ್ತದೆ. ವರದಿಯಲ್ಲಿ ಇದನ್ನು “ಅವೈಲಬಲ್ ಲೈಮ್” ಎಂದು ಬರೆಯುತ್ತಾರೆ. ಸುಣ್ಣಕ್ಕೆ ನೋಡತಕ್ಕ ಅಂಕಿ ಅದು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳು

1. ಅಮೋನಿಯಾ ಪರೀಕ್ಷೆ: ಒಂದು ಚಿಟಿಕೆ ಮೈಲುತುತ್ತನ್ನು ಗಾಜಿನ ಲೋಟದಲ್ಲಿ ಅರ್ಧ ಲೋಟ ನೀರಿಗೆ ಕರಗಿಸಿ, ಅಮೋನಿಯಾ ದ್ರಾವಣವನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತಾ ಹೋಗಿ. ಮೊದಲು ತಿಳಿನೀಲಿ ಗಸಿ ಕಾಣುತ್ತದೆ. ಇನ್ನೂ ಸೇರಿಸಿದರೆ ಅದು ಕರಗಿ ಕಡುನೀಲಿ ತಿಳಿನೀರಾಗುತ್ತದೆ. ಇದು ತಾಮ್ರದ ಗುರುತು. ತಳದಲ್ಲಿ ಕೊಳಕು ಹಸಿರು ಅಥವಾ ಕಂದು ಗಸಿ ಕರಗದೆ ನಿಂತರೆ ಕಬ್ಬಿಣ ಸೇರಿದೆ. ಗಾಳಿಯಾಡುವ ಜಾಗದಲ್ಲಿ ಮಾಡಿ, ಮೂಗಿನ ಹತ್ತಿರ ಹಿಡಿಯಬೇಡಿ. ನೆನಪಿರಲಿ: ಉಪ್ಪನ್ನೋ ಸೋಡಿಯಂ ಸಲ್ಫೇಟನ್ನೋ ಬೆರೆಸಿದ್ದರೆ ಈ ಪರೀಕ್ಷೆಗೆ ಕಾಣುವುದಿಲ್ಲ. ಇಲ್ಲಿ ಮಾಲು ಕೆಟ್ಟದ್ದೆಂದು ಕಂಡರೆ ಕೆಟ್ಟದ್ದೇ. ಒಳ್ಳೆಯದೆಂದು ಕಂಡರೆ ಪ್ರಯೋಗಾಲಯದ ತಾಮ್ರದ ಅಂಕಿ ಬೇಕೇ ಬೇಕು.

2. ಹುಳಿ ಪರೀಕ್ಷೆ: ಒಂದು ಚಮಚ ಸುಣ್ಣಕ್ಕೆ ನೀರು ಹಾಕಿ ಕಲಸಿ, ನಿಂಬೆರಸ ಅಥವಾ ವಿನಿಗರ್ ಧಾರಾಳವಾಗಿ ಹಾಕಿ. ಜೋರಾಗಿ ನೊರೆ ಉಕ್ಕಿದರೆ ಸುಣ್ಣ ಸತ್ತಿದೆ. ಉಕ್ಕದೆ ತಣ್ಣಗೆ ಕರಗಿದರೆ ಒಳ್ಳೆಯದು.

3. ಮೊಳೆ ಪರೀಕ್ಷೆ: ತಯಾರಾದ ಮಿಶ್ರಣದಲ್ಲಿ ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಮೊಳೆಯನ್ನೋ ಕತ್ತಿಯ ತುದಿಯನ್ನೋ ಕೆಲವು ನಿಮಿಷ ಅದ್ದಿಡಿ. ಕೆಂಪು ಲೇಪ ಹತ್ತಿದರೆ ಬಿಡಿ ತಾಮ್ರ ಉಳಿದಿದೆ, ಇನ್ನಷ್ಟು ಸುಣ್ಣದ ಹಾಲು ಸೇರಿಸಬೇಕು. ಇದು ಮಿಶ್ರಣದ ಹದವನ್ನು ಹೇಳುವ ಪರೀಕ್ಷೆ. ಮೈಲುತುತ್ತಿನ ಶುದ್ಧತೆಯನ್ನು ಹೇಳುವುದಲ್ಲ. ಅನೇಕರು ಇಲ್ಲಿ ತಪ್ಪು ತಿಳಿಯುತ್ತಾರೆ.

ಮೈಲುತುತ್ತು ವಿಷ. ಮಕ್ಕಳ ಕೈಗೆ, ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ. ಪರೀಕ್ಷೆಯ ಲೋಟವನ್ನು ಅಡಿಗೆ ಮನೆಗೆ ಹಿಂದಿರುಗಿಸಬೇಡಿ.

ಮಾದರಿ ತೆಗೆಯುವ ಕ್ರಮ

ಎಷ್ಟೇ ಒಳ್ಳೆಯ ಪ್ರಯೋಗಾಲಯವಾದರೂ ತನ್ನ ಕೈಗೆ ಬಂದ ಚಿಟಿಕೆಯ ಬಗ್ಗೆ ಮಾತ್ರ ಹೇಳಬಲ್ಲದು. 50 ಚೀಲ ಬಂದರೆ ಐದಕ್ಕೊಂದರಂತೆ 10 ಚೀಲ ಆರಿಸಿ, ಪ್ರತಿಯೊಂದರ ಮೇಲಿನಿಂದ, ನಡುವಿನಿಂದ, ತಳದಿಂದ ಒಂದೊಂದು ಹಿಡಿ ತೆಗೆಯಬೇಕು. ಕಬ್ಬಿಣದ ಸೌಟು ಬೇಡ. ಹಸಿ ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತದೆ. ಪ್ಲಾಸ್ಟಿಕ್ಕಿನ ಸೌಟು ಬಳಸಿ, ಕೈಗವಸು ಇರಲಿ. ಎಲ್ಲವನ್ನೂ ಶುಚಿಯಾದ ಪಾಲಿಥೀನ್ ಹಾಳೆಯ ಮೇಲೆ ಬೆರೆಸಿ, ಗುಂಡಗೆ ಹರಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಉಳಿಸಿ ಮಿಕ್ಕದ್ದನ್ನು ಚೀಲಕ್ಕೆ ಹಾಕಬೇಕು. ಮೂರು ಪೊಟ್ಟಣಕ್ಕೆ ಸಾಕಾಗುವಷ್ಟು ಉಳಿಯುವವರೆಗೂ ಹೀಗೆ ಮಾಡಿ. ಪೊಟ್ಟಣಗಳನ್ನು ಗಾಳಿಯಾಡದಂತೆ ಕಟ್ಟಿ, ವ್ಯಾಪಾರಿಯ ಕಡೆಯವರ ಎದುರಿನಲ್ಲಿ ಸೀಲು ಮಾಡಿ, ಇಬ್ಬರೂ ರುಜು ಹಾಕಿ, ಲಾಟ್ ನಂಬರು, ತಾರೀಖು ಬರೆಯಬೇಕು. ಒಂದು ಪ್ರಯೋಗಾಲಯಕ್ಕೆ, ಒಂದು ವ್ಯಾಪಾರಿಗೆ, ಒಂದು ಸಂಘದ ಬೀರುವಿಗೆ. ಆ ಮೂರನೆಯ ಪೊಟ್ಟಣ ಅಂದು ನಮ್ಮ ಬೀರುವಿನಲ್ಲಿ ಇರಲಿಲ್ಲ. ಈಗ ಪ್ರತಿ ಲಾಟಿನದೂ ಇರುತ್ತದೆ.

ಅಭ್ಯಾಸಕ್ಕೆ ಒಂದು ವರದಿ

ಕೆಳಗಿನದು ಕಲಿಕೆಗಾಗಿ ನಾನೇ ಬರೆದ ವರದಿ. ಉತ್ತರ ನೋಡುವ ಮೊದಲು ನೀವೇ ಓದಿ ತೀರ್ಮಾನಿಸಿ.

ಮಾದರಿ: ಪಕ್ಷದವರು ಒದಗಿಸಿದ್ದು. ಹೊರಗಿನ ತೇವ: ಶೇ. 3.0. ಕರಗದ ವಸ್ತು: ಶೇ. 0.4. ಕಬ್ಬಿಣ: ಶೇ. 0.1. ತಾಮ್ರದ ಸಲ್ಫೇಟು: ಶೇ. 99.1 (ಬೈ ಡಿಫರೆನ್ಸ್, ಡ್ರೈ ಬೇಸಿಸ್).

ಉತ್ತರ: ಕಬ್ಬಿಣ 0.1 ಎಂದರೆ ಅನ್ನಭೇದಿ 0.5. ಕರಗದ ವಸ್ತು 0.4. ಎರಡನ್ನೂ ನೂರರಲ್ಲಿ ಕಳೆದರೆ 99.1. ಅಂದರೆ ತಾಮ್ರವನ್ನು ಯಾರೂ ಅಳೆದೇ ಇಲ್ಲ. ಈ ವರದಿಯ ಮೇಲೆ ಮಾಲು ಕೊಳ್ಳಬಾರದು. ಕೇಳಿದ ಮೇಲೆ, ನಾವೇ ತೆಗೆದ ಮಾದರಿಯಲ್ಲಿ, ಬಂದ ಸ್ಥಿತಿಯಲ್ಲಿ ತಾಮ್ರ 23.3 ಎಂದು ಬಂತೆನ್ನೋಣ. ಉಳಿದ ಅಂಕಿಗಳು ಹಾಗೆಯೇ ಇವೆ. 23.3 × 3.93 = 91.6. ಈಗ ಕೂಡಿ ನೋಡಿ: 91.6 + 3.0 + 0.4 + 0.5 = 95.5. ನೂರಕ್ಕೆ 4.5 ಪಾಲು ಏನೆಂದು ಗೊತ್ತಿಲ್ಲ. ತಾಮ್ರವೂ 24ಕ್ಕೆ ಕಡಿಮೆ. ಮಾಲು ಹಿಂದಿರುಗಿಸತಕ್ಕದ್ದು.

“ಶುದ್ಧತೆ ಕಡಿಮೆ ಇದ್ದರೆ ಸ್ವಲ್ಪ ಹೆಚ್ಚು ಹಾಕಿದರಾಯಿತಲ್ಲ?” ಎಂದು ಕೆಲವರು ಕೇಳುತ್ತಾರೆ. 94 ಪಾಲಿನ ಮಾಲಿಗೆ ಕಿಲೋಗೆ 60 ಗ್ರಾಂ ಹೆಚ್ಚು ಹಾಕುವುದು ಸರಿಯೇ. ಆದರೆ 86ರ ಮಾಲಿಗೆ ಹೆಚ್ಚು ಹಾಕಿದರೆ ಅದರೊಳಗಿನ ಅನ್ಯ ವಸ್ತುವನ್ನೂ ಹೆಚ್ಚು ಹಾಕಿದಂತೆ. ಏನೆಂದು ಗೊತ್ತಿಲ್ಲದ್ದನ್ನು ಮರಕ್ಕೆ ಹೊಡೆಯುವುದು ಬೇಡ.

ಕೊನೆಯ ಮಾತು

ಇನ್ನು ಮುಂದೆ ಸಂಘಕ್ಕೆ ಬರುವ ಪ್ರತಿ ಲಾಟಿನ ವರದಿಯನ್ನೂ ಗೋದಾಮಿನ ಬಾಗಿಲಲ್ಲಿ ಅಂಟಿಸಲಾಗುವುದು. ಮೊಬೈಲಿನಲ್ಲಿ ಬಂದ ಫೋಟೋ ಸಾಲದು. ಮೂಲ ವರದಿಯೇ ಇರುತ್ತದೆ. ಸದಸ್ಯರು ದಯವಿಟ್ಟು ನಿಂತು ಓದಿ. ಯಾರ ಮಾದರಿ, ಏನನ್ನು ಅಳೆದದ್ದು, ಯಾವುದರ ಶೇಕಡಾ – ಈ ಮೂರನ್ನು ಕೇಳಿ. ಉತ್ತರ ಸಿಗದಿದ್ದರೆ ಒಳಗೆ ಬಂದು ನನ್ನನ್ನೇ ಕೇಳಿ. ಕೇಳಿದಿರೆಂದು ನನಗೆ ಬೇಸರವಿಲ್ಲ. ಬೇಸರ ತರುವುದು ಮೇಜಿನ ಮುಂದೆ ಮಾತಿಲ್ಲದೆ ಇಟ್ಟುಹೋದ ಆ ಬುಟ್ಟಿ.

– ಕಾರ್ಯದರ್ಶಿ